ಆಸ್ಪತ್ರೆಯ ಆಡಳಿತ: ಸಂದರ್ಶನಕ್ಕೆ ಹೊರಡುವ ಮುನ್ನ

ಬೆಂಗಳೂರು ಮೆಯಿಲಿನಿಂದ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು ಹೊರಬಂದ ಕನ್ನಡಿಗನಿಗೆ ರಸ್ತೆಯ ಆಚೆ ಮಗ್ಗುಲಲ್ಲಿ ಕಾಣುವುದು ಸರ್ಕಾರಿ ಜನರಲ್ ಆಸ್ಪತ್ರೆ. 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ಶುಶ್ರೂಷೆಗಾಗಿ ಆರಂಭವಾಗಿ, 1772ರಲ್ಲಿ ಈಗಿನ ಸ್ಥಳಕ್ಕೆ ಬಂದ ಸಂಸ್ಥೆ ಅದು. ಬೆಳಗಾಗುತ್ತಲೇ ಅದರ ಬಾಗಿಲಲ್ಲಿ ರೋಗಿಗಳ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ನಿಂತವನ ಮನಸ್ಸಿನಲ್ಲಿರುವವರು ಇಬ್ಬರೇ, ವೈದ್ಯ ಮತ್ತು ದಾದಿ. ಆದರೆ ಚೀಟಿ ಬರೆಯುವ ಕಿಟಕಿಗಳು ಎಷ್ಟಿರಬೇಕು, ಎಕ್ಸ್-ರೇ ಕೋಣೆಯಿಂದ ವಾರ್ಡಿಗೆ ಸ್ಟ್ರೆಚರ್ ತಳ್ಳುವವರು ಯಾರು, ರಾತ್ರಿ ಎರಡು ಗಂಟೆಗೆ ರಕ್ತ ಬೇಕಾದರೆ ಯಾರ ಸಹಿ ಬೇಕು, ಉಗ್ರಾಣದಲ್ಲಿ ಔಷಧ ಮುಗಿಯುವ ಮೊದಲೇ ಬೇಡಿಕೆ ಕಳುಹಿಸುವ ಹೊಣೆ ಯಾರದು, ಇವನ್ನೆಲ್ಲ ಹಿಂದೆ ನಿಂತು ನಡೆಸುವ ಮೂರನೆಯ ವ್ಯಕ್ತಿಯೊಬ್ಬನಿದ್ದಾನೆ. ಅವನ ಕೆಲಸ ಸುಸೂತ್ರವಾಗಿ ನಡೆದ ದಿನ ಅವನ ನೆನಪು ಯಾರಿಗೂ ಆಗುವುದಿಲ್ಲ. ಕೆಲಸ ತಪ್ಪಿದ ದಿನ ಎಲ್ಲರೂ ಅವನನ್ನೇ ಹುಡುಕುತ್ತಾರೆ.

ಚೆನ್ನೈಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಹಿರಿಯರು ತಮ್ಮ ಮಕ್ಕಳಿಗೆ ಬ್ಯಾಂಕು, ಜೀವವಿಮೆ, ರೈಲ್ವೆಗಳಲ್ಲಿ ಕೆಲಸ ಬಯಸಿದರು; ಹಲವರು ಹೋಟೆಲ್ ಉದ್ಯಮದಲ್ಲಿಯೇ ಉಳಿದರು. ವೈದ್ಯಲೋಕವೂ ಕನ್ನಡ ನಾಡಿನವರಿಗೆ ಹೊಸತೇನಲ್ಲ. ದಕ್ಷಿಣ ಕನ್ನಡದಿಂದ ಬಂದು ಮದರಾಸಿನಲ್ಲಿ ವೈದ್ಯರಾಗಿ ಹೆಸರು ಗಳಿಸಿದ ಡಾ. ಯು. ರಾಮರಾವ್ ‘ಆಂಟಿಸೆಪ್ಟಿಕ್’ ಎಂಬ ವೈದ್ಯಪತ್ರಿಕೆಯನ್ನು ನಡೆಸಿದರು. ಅಂದಿನ ಮದರಾಸು ವಿಧಾನ ಪರಿಷತ್ತಿನ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು. ಅವರ ಮಗ ಡಾ. ಯು. ಕೃಷ್ಣರಾವ್ ಕೂಡ ವೈದ್ಯರು. 1957ರಿಂದ 1961ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಆದರೆ ವೈದ್ಯನಲ್ಲದವನಿಗೂ ಆಸ್ಪತ್ರೆಯಲ್ಲಿ ಗೌರವದ ಸ್ಥಾನವುಂಟೆಂಬ ಭಾವನೆ ಬೆಳೆದದ್ದು ತೀರ ಈಚೆಗೆ. 1978ರಲ್ಲಿ ಡಾ. ಎಸ್. ಎಸ್. ಬದರೀನಾಥ್ ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು. 1983ರಲ್ಲಿ ಡಾ. ಪ್ರತಾಪ್ ಸಿ. ರೆಡ್ಡಿಯವರ ಅಪೋಲೋ ಆಸ್ಪತ್ರೆ ಗ್ರೀಮ್ಸ್ ರಸ್ತೆಯಲ್ಲಿ 150 ಹಾಸಿಗೆಗಳೊಂದಿಗೆ ಬಾಗಿಲು ತೆರೆಯಿತು. ಆ ಬಳಿಕ ನಗರದ ನಾಲ್ಕು ದಿಕ್ಕಿಗೂ ದೊಡ್ಡ ಆಸ್ಪತ್ರೆಗಳು ಎದ್ದವು. ಅಲ್ಲಿ ಹೊರರೋಗಿ ವಿಭಾಗದ ಮೇಲ್ವಿಚಾರಣೆ, ವಿಮೆಯ ಮೇಜು, ಬಿಲ್ಲಿಂಗ್, ವೈದ್ಯಕೀಯ ದಾಖಲೆ, ಉಗ್ರಾಣ, ಗುಣಮಟ್ಟ ಪರಿಶೀಲನೆ ಮುಂತಾಗಿ ನೂರೆಂಟು ಹುದ್ದೆಗಳು ಹುಟ್ಟಿಕೊಂಡವು.

ಹಿಂದೆ ಆಸ್ಪತ್ರೆಯ ಆಡಳಿತವೆಂದರೆ ಒಬ್ಬ ಹಿರಿಯ ವೈದ್ಯ ಹಾಗೂ ಅವರ ಕೈಕೆಳಗಿನ ಹೆಡ್ ಗುಮಾಸ್ತ, ಇಷ್ಟೇ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ 1960ರ ದಶಕದಲ್ಲಿ ಆಸ್ಪತ್ರೆಯ ಆಡಳಿತಕ್ಕೆಂದೇ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ಇಂದು ಚೆನ್ನೈಯಲ್ಲಿಯೇ ಪೋರೂರಿನ ಶ್ರೀರಾಮಚಂದ್ರ ಸಂಸ್ಥೆ ಮೊದಲಾದೆಡೆ ಇದಕ್ಕಾಗಿ ಎಂ.ಬಿ.ಎ. ತರಗತಿಗಳಿವೆ. ಸರ್ಕಾರಿ ಆಸ್ಪತ್ರೆಗಳ ಮೇಲಿನ ಹುದ್ದೆಗಳು ಈಗಲೂ ವೈದ್ಯರದೇ. ಆದ್ದರಿಂದ ಇಲ್ಲಿ ಹೇಳುವ ಮಾತು ಮುಖ್ಯವಾಗಿ ಖಾಸಗಿ ಹಾಗೂ ಧರ್ಮಾರ್ಥ ಆಸ್ಪತ್ರೆಗಳ ಸಂದರ್ಶನಕ್ಕೆ ಸಂಬಂಧಿಸಿದ್ದು.

ಪದವಿಪತ್ರ ಕೈಯಲ್ಲಿರುವ ಅಭ್ಯರ್ಥಿ ಸಾಮಾನ್ಯವಾಗಿ ಮಾಡುವ ಸಿದ್ಧತೆ ಯಾವುದು? ಮಾರ್ಗದರ್ಶಿ ಪುಸ್ತಕವೊಂದನ್ನು ಕೊಂಡು, ‘ನಿಮ್ಮ ಬಗ್ಗೆ ಹೇಳಿ’, ‘ನಿಮ್ಮ ದೌರ್ಬಲ್ಯವೇನು’ ಎಂಬ ಪ್ರಶ್ನೆಗಳಿಗೆ ಉತ್ತರ ಉರುಹೊಡೆಯುವುದು. ಅಂಥ ಉತ್ತರಗಳನ್ನು ಕೇಳಿ ಕೇಳಿ ಸಂದರ್ಶಕರ ಕಿವಿ ದಣಿದಿರುತ್ತದೆ. ಆಸ್ಪತ್ರೆಯ ಸಂದರ್ಶನ ಮಂಡಲಿಯಲ್ಲಿ ಒಬ್ಬ ವೈದ್ಯ, ದಾದಿಯರ ಮೇಲ್ವಿಚಾರಕಿ, ಸಿಬ್ಬಂದಿ ವಿಭಾಗದ ಅಧಿಕಾರಿ, ಕೆಲವೊಮ್ಮೆ ಲೆಕ್ಕಪತ್ರದವರು ಇರುತ್ತಾರೆ. ಇವರೆಲ್ಲರೂ ದಿನವಿಡೀ ಒಂದಲ್ಲ ಒಂದು ತೊಡಕನ್ನು ಬಿಡಿಸುತ್ತ ಬಂದವರು. ಎದುರಿಗೆ ಕುಳಿತ ಹುಡುಗ ಅಥವಾ ಹುಡುಗಿ ತಮ್ಮ ತೊಡಕನ್ನು ಹಗುರ ಮಾಡುವವರೇ, ಇನ್ನೊಂದು ತೊಡಕಾಗುವವರೇ ಎಂಬುದನ್ನು ಅವರು ಅಳೆಯುತ್ತಾರೆ. ಅದಕ್ಕಾಗಿ ಅವರು ಕೇಳಬಹುದಾದ ಸರಳ ಪ್ರಶ್ನೆಯೊಂದಿದೆ: ‘ನಮ್ಮ ಆಸ್ಪತ್ರೆಯನ್ನು ನೋಡಿದ್ದೀರಾ?’

ನೋಡಿದ್ದೇನೆ ಎಂದು ಸತ್ಯವಾಗಿ ಹೇಳಬಲ್ಲವನು ಅಲ್ಲಿಯೇ ಅರ್ಧ ಗೆದ್ದನೆನ್ನಬಹುದು. ಸಂದರ್ಶನಕ್ಕೆ ಒಂದು ವಾರ ಮುಂಚೆ, ಆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗಿನ ಮೂರು ಗಂಟೆ ಕಾಲ ಸುಮ್ಮನೆ ಕುಳಿತಿರುವುದಕ್ಕೆ ಖರ್ಚಾಗುವುದು ಬಸ್ಸಿನ ಚೀಟಿ ಮಾತ್ರ. ವಾರ್ಡುಗಳೊಳಗೆ ನುಗ್ಗಬೇಕಾಗಿಲ್ಲ, ಯಾರನ್ನೂ ಪ್ರಶ್ನಿಸಬೇಕಾಗಿಲ್ಲ. ರೋಗಿಗಳ ಚಿತ್ರ ತೆಗೆಯುವುದಂತೂ ಕೂಡದು. ಬಾಗಿಲಲ್ಲಿ ಬಂದಿಳಿದ ಮುದುಕಿಗೆ ಗಾಲಿಕುರ್ಚಿ ಎಷ್ಟು ಹೊತ್ತಿಗೆ ಸಿಕ್ಕಿತು? ಹಣ ಕಟ್ಟುವ ಕಿಟಕಿ ಒಂದು ಮಹಡಿಯಲ್ಲಿ, ರಕ್ತ ಕೊಡುವ ಕೋಣೆ ಮತ್ತೊಂದು ಮಹಡಿಯಲ್ಲಿ ಇದ್ದರೆ ಒಬ್ಬ ರೋಗಿ ಎಷ್ಟು ಸಲ ಹತ್ತಿ ಇಳಿದ? ಫಲಕಗಳು ಯಾವ ಭಾಷೆಗಳಲ್ಲಿವೆ? ಟೋಕನ್ ಸಂಖ್ಯೆ ಕೂಗುವವರ ದನಿ ಹಿಂದಿನ ಸಾಲಿಗೆ ಕೇಳುತ್ತದೆಯೇ? ಉಪವಾಸವಿದ್ದು ರಕ್ತಪರೀಕ್ಷೆಗೆ ಬಂದ ಮಧುಮೇಹಿ ಹತ್ತು ಗಂಟೆಯವರೆಗೂ ಕಾಯುತ್ತಿದ್ದಾನೆಯೇ? ಈ ಕೊನೆಯ ಸಂಗತಿ ಬರಿಯ ಸೌಕರ್ಯದ ಪ್ರಶ್ನೆಯಲ್ಲ. ಸಕ್ಕರೆ ಇಳಿಸುವ ಔಷಧ ತೆಗೆದುಕೊಂಡು ಊಟವಿಲ್ಲದೆ ಕುಳಿತವನು ತಲೆ ತಿರುಗಿ ಬೀಳಬಹುದು. ಅವನನ್ನು ಸಾಲಿನ ಮುಂದಕ್ಕೆ ತರುವ ನಿಯಮವನ್ನು ಮಾಡಬೇಕಾದವನು ಆಡಳಿತಗಾರ.

ಹೀಗೆ ಕಂಡದ್ದನ್ನು ಸಂದರ್ಶನದಲ್ಲಿ ಹೇಳುವಾಗ ದೋಷಾರೋಪಣೆಯ ಧಾಟಿ ಇರಬಾರದು. ‘ನಿಮ್ಮಲ್ಲಿ ವ್ಯವಸ್ಥೆಯೇ ಸರಿಯಿಲ್ಲ’ ಎಂದು ಆರಂಭಿಸಿದ ಜಾಣನಿಗೆ ಕೆಲಸ ಸಿಗುವುದು ಕಷ್ಟ. ಕಂಡದ್ದನ್ನು ಹೇಳಿ, ಅದಕ್ಕೆ ತನಗೆ ತಿಳಿಯದ ಕಾರಣವಿರಬಹುದೆಂದು ಒಪ್ಪಿ, ಕಾರಣವನ್ನು ಕೇಳುವವನಿಗೆ ಮಂಡಲಿ ಕಿವಿಗೊಡುತ್ತದೆ.

ಎಲ್ಲ ಆಸ್ಪತ್ರೆಗಳಿಗೂ ಸಮಾನವಾದ ತಲೆನೋವೊಂದಿದೆ. ಅಭ್ಯರ್ಥಿ ಇದೊಂದನ್ನಾದರೂ ಆಮೂಲಾಗ್ರವಾಗಿ ಅರಿತಿರಬೇಕು. ವೈದ್ಯರು ಬೆಳಿಗ್ಗೆ ಹತ್ತಕ್ಕೆ ‘ಇಂದು ಮನೆಗೆ ಹೋಗಬಹುದು’ ಎಂದ ರೋಗಿ ಸಂಜೆ ನಾಲ್ಕಾದರೂ ಹಾಸಿಗೆಯಲ್ಲಿಯೇ ಇರುತ್ತಾನೆ. ಏಕೆ? ಡಿಸ್ಚಾರ್ಜ್ ಸಾರಾಂಶವನ್ನು ಬರೆಯಬೇಕಾದ ಕಿರಿಯ ವೈದ್ಯ ಶಸ್ತ್ರಚಿಕಿತ್ಸಾ ಕೋಣೆಯಲ್ಲಿದ್ದಾನೆ. ಬಳಸದೆ ಉಳಿದ ಔಷಧಗಳನ್ನು ವಾರ್ಡಿನಿಂದ ಔಷಧಾಲಯಕ್ಕೆ ಹಿಂದಿರುಗಿಸಿಲ್ಲ. ಪ್ರಯೋಗಾಲಯದ ಕೊನೆಯ ವರದಿ ಬಿಲ್ಲಿಗೆ ಸೇರಿಲ್ಲ. ಬಿಲ್ಲು ಸಿದ್ಧವಾದ ಮೇಲೆ ವಿಮಾ ಕಂಪನಿಯ ಒಪ್ಪಿಗೆಗಾಗಿ ಕಾಯಬೇಕು. ಇಷ್ಟರಲ್ಲಿ ರೋಗಿಯ ಮನೆಯವರ ತಾಳ್ಮೆ ತೀರಿ, ಕಿಟಕಿಯ ಬಳಿ ಕೂಗಾಟ ಆರಂಭವಾಗಿರುತ್ತದೆ. ಅದೇ ಹೊತ್ತಿಗೆ ಕೆಳಗೆ ತುರ್ತು ವಿಭಾಗದಲ್ಲಿ ಮತ್ತೊಬ್ಬ ರೋಗಿ ಅದೇ ಹಾಸಿಗೆಗಾಗಿ ಸ್ಟ್ರೆಚರಿನ ಮೇಲೆ ಕಾದಿರುತ್ತಾನೆ. ನಗದುರಹಿತ ಚಿಕಿತ್ಸೆಯ ಪ್ರಥಮ ಕೋರಿಕೆಯನ್ನು 1 ಗಂಟೆಯೊಳಗೂ, ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೂ ವಿಮಾ ಕಂಪನಿಗಳು ತೀರ್ಮಾನಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಿನಲ್ಲಿ ಸುತ್ತೋಲೆ ಹೊರಡಿಸಿತು. ಈ ಒಂದು ಸಂಗತಿ ತಿಳಿದಿದ್ದರೆ ವಿಮೆಯ ಮೇಜಿನ ಕೆಲಸಕ್ಕೆ ಹೋದವನ ಮಾತಿಗೆ ತೂಕ ಬರುತ್ತದೆ. ಆದರೆ ವಿಳಂಬದ ಎಲ್ಲ ಪಾಪವನ್ನೂ ವಿಮಾ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿಂದಿನ ದಿನ ಸಂಜೆಯೇ ನಾಳೆ ಹೊರಡುವವರ ಪಟ್ಟಿ ಮಾಡಿ, ಸಾರಾಂಶವನ್ನೂ ಅಂದಾಜು ಬಿಲ್ಲನ್ನೂ ಸಿದ್ಧಪಡಿಸಿಟ್ಟರೆ ಕಾಯುವ ಕಾಲದ ದೊಡ್ಡ ಭಾಗ ಉಳಿಯುತ್ತದೆ.

ಇದರ ಬೆಲೆ ಎಷ್ಟೆಂಬುದನ್ನು ಲೆಕ್ಕದಿಂದ ತೋರಿಸಬಹುದು. ಲೆಕ್ಕ ಬರುವುದೇ ಎಂದು ಸಂದರ್ಶಕರು ಪರೀಕ್ಷಿಸುವುದೂ ಉಂಟು. 200 ಹಾಸಿಗೆಗಳ ಒಂದು ಆಸ್ಪತ್ರೆ ಎಂದಿಟ್ಟುಕೊಂಡರೆ, 30 ದಿನಗಳ ತಿಂಗಳಿನಲ್ಲಿ ಒಟ್ಟು 6,000 ಹಾಸಿಗೆ-ದಿನಗಳು. ಅವುಗಳಲ್ಲಿ 4,800 ದಿನ ರೋಗಿಗಳಿದ್ದರೆ ಹಾಸಿಗೆಗಳ ಬಳಕೆ ಶೇಕಡಾ 80. ಆ ತಿಂಗಳು 960 ಮಂದಿ ಗುಣವಾಗಿ ಹೊರಟಿದ್ದರೆ ಒಬ್ಬೊಬ್ಬರ ಸರಾಸರಿ ವಾಸ 5 ದಿನ. ಈಗ ಪ್ರತಿಯೊಬ್ಬರ ವಾಸದಲ್ಲಿ ಆರು ಗಂಟೆ, ಅಂದರೆ ಕಾಲು ದಿನ, ಉಳಿಸಲಾಯಿತೆನ್ನಿ. ಅದೇ 4,800 ದಿನಗಳಲ್ಲಿ ಸುಮಾರು 1,010 ಮಂದಿಗೆ ಚಿಕಿತ್ಸೆ ಸಿಗುತ್ತದೆ. ಹೊಸದೊಂದು ಮಂಚವನ್ನೂ ಕೊಳ್ಳದೆ ತಿಂಗಳಿಗೆ 50 ರೋಗಿಗಳಿಗೆ ಹೆಚ್ಚು ಸ್ಥಳ ದೊರೆಯಿತು. ಲೆಕ್ಕ ಒರಟಾದದ್ದು ನಿಜ. ಆದರೂ ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಬಲ್ಲ ಅಭ್ಯರ್ಥಿಯನ್ನು ಮಂಡಲಿ ಸುಲಭವಾಗಿ ಮರೆಯುವುದಿಲ್ಲ. ಹಾಸಿಗೆಗಳ ಬಳಕೆ ಶೇಕಡಾ 100 ಆಗಬೇಕೆಂದು ಉತ್ಸಾಹದಿಂದ ಹೇಳುವವರಿದ್ದಾರೆ. ಹಾಸಿಗೆಗಳೆಲ್ಲ ತುಂಬಿರುವ ಆಸ್ಪತ್ರೆಗೆ ಮಧ್ಯರಾತ್ರಿ ಹೃದಯಾಘಾತದ ರೋಗಿ ಬಂದರೆ ಮಲಗಿಸುವುದೆಲ್ಲಿ ಎಂಬ ಮರುಪ್ರಶ್ನೆಗೆ ಅವರು ಸಿದ್ಧರಾಗಿರಬೇಕು.

ಲೆಕ್ಕಕ್ಕಿಂತ ಕಠಿಣವಾದ ಪ್ರಶ್ನೆ ಮತ್ತೊಂದು. ‘ರಾತ್ರಿ ಹನ್ನೊಂದು ಗಂಟೆ. ಅಪಘಾತದಲ್ಲಿ ಗಾಯಗೊಂಡವನನ್ನು ದಾರಿಹೋಕರು ತಂದು ಬಿಟ್ಟಿದ್ದಾರೆ. ಜೊತೆಯಲ್ಲಿ ಯಾರೂ ಇಲ್ಲ, ಜೇಬಿನಲ್ಲಿ ಹಣವಿಲ್ಲ. ಮುಂಗಡ ಕಟ್ಟದೆ ದಾಖಲು ಮಾಡಬಾರದೆಂಬುದು ಬಿಲ್ಲಿಂಗ್ ವಿಭಾಗದ ನಿಯಮ. ಏನು ಮಾಡುವಿರಿ?’ ಮೇಲಧಿಕಾರಿಯನ್ನು ಕೇಳುತ್ತೇನೆ ಎಂಬ ಉತ್ತರ ಇಲ್ಲಿ ಸಾಲದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಗಾಯಾಳುವಿನ ಪ್ರಾಣ ಉಳಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯ, ಪೊಲೀಸು ವಿಧಿವಿಧಾನಗಳು ಅದಕ್ಕೆ ಅಡ್ಡ ಬರಕೂಡದು ಎಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿಯೇ ತೀರ್ಪಿತ್ತಿದೆ. ಮೊದಲು ಚಿಕಿತ್ಸೆ, ಆಮೇಲೆ ಕಾಗದ. ತಮಿಳುನಾಡಿನಲ್ಲಿ ಕೆಲಸ ಬಯಸುವವರು ತಿಳಿದಿರಬೇಕಾದ ವಿಷಯ ಇನ್ನೊಂದುಂಟು. ರಾಜ್ಯದ ಎಲ್ಲೆಯೊಳಗೆ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುವ ಯೋಜನೆ 2021ರ ಡಿಸೆಂಬರಿನಲ್ಲಿ ಆರಂಭವಾಯಿತು. ನೋಂದಾಯಿತ ಖಾಸಗಿ ಆಸ್ಪತ್ರೆಗಳೂ ಇದರಲ್ಲಿ ಸೇರಿವೆ. ಆರಂಭದಲ್ಲಿ ಗೊತ್ತುಪಡಿಸಿದ ಮಿತಿ 1 ಲಕ್ಷ ರೂಪಾಯಿ. ಗಾಯಾಳು ಯಾವ ರಾಜ್ಯದವನೆಂದು ಅದು ಕೇಳುವುದಿಲ್ಲ. ಊರಿನಿಂದ ಬಂದ ನೆಂಟರು ಹೆದ್ದಾರಿಯಲ್ಲಿ ಗಾಯಗೊಂಡರೆ ನೆರವಾಗಬಹುದಾದ ಸಂಗತಿಯಾದ್ದರಿಂದ, ಸಂದರ್ಶನದ ಗೊಡವೆ ಇಲ್ಲದ ವಾಚಕರೂ ಇದನ್ನು ನೆನಪಿನಲ್ಲಿಡುವುದು ಒಳಿತು.

ಆಡಳಿತದ ಲೋಪ ಪ್ರಾಣಕ್ಕೆ ಎರವಾಗುವುದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. 2015ರ ಡಿಸೆಂಬರಿನ ಮಹಾಪೂರದಲ್ಲಿ ಅಡ್ಯಾರ್ ನದಿ ಉಕ್ಕಿ, ಅದರ ದಂಡೆಯ ಸಮೀಪದ ಖಾಸಗಿ ಆಸ್ಪತ್ರೆಯೊಂದರ ಜನರೇಟರುಗಳು ನೀರಿನ ಪಾಲಾದವು. ಆ ದಿನಗಳಲ್ಲಿ ಅಲ್ಲಿಯ ತೀವ್ರ ನಿಗಾ ಘಟಕದಲ್ಲಿದ್ದ ಹತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಮರಣಕ್ಕೆ ವಿದ್ಯುತ್ ನಿಂತದ್ದೇ ಕಾರಣವೇ ಅಥವಾ ರೋಗದ ಉಲ್ಬಣವೇ ಎಂಬುದರ ಬಗ್ಗೆ ವಾದವಿವಾದಗಳು ನಡೆದವು. ಅದಕ್ಕೆ ನಾಲ್ಕು ವರ್ಷ ಮುಂಚೆ, 2011ರ ಡಿಸೆಂಬರಿನಲ್ಲಿ, ಕೊಲ್ಕತ್ತದ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿ, ಹೊಗೆ ಮೇಲಿನ ವಾರ್ಡುಗಳಿಗೆ ಹಬ್ಬಿ ಸುಮಾರು 90 ಮಂದಿ ಸತ್ತರು. ವಾಹನಗಳಿಗೆ ಮೀಸಲಾದ ನೆಲಮಾಳಿಗೆಯಲ್ಲಿ ಸುಡುವ ಸಾಮಾನುಗಳನ್ನು ತುಂಬಿಟ್ಟಿದ್ದರು. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ವೈದ್ಯವಿದ್ಯೆಯದಲ್ಲ. ಜನರೇಟರ್ ಯಾವ ಮಟ್ಟದಲ್ಲಿದೆ, ನೆಲಮಾಳಿಗೆಯಲ್ಲಿ ಏನಿದೆ, ಬೆಂಕಿ ಬಿದ್ದರೆ ನಡೆಯಲಾರದ ರೋಗಿಯನ್ನು ಯಾರು ಯಾವ ಮೆಟ್ಟಿಲಿನಿಂದ ಹೊತ್ತೊಯ್ಯುತ್ತಾರೆ, ಕೊನೆಯ ಸಲ ಅದನ್ನು ಅಭ್ಯಾಸ ಮಾಡಿಸಿದ್ದು ಯಾವಾಗ, ಇವು ಆಡಳಿತಗಾರನ ಪ್ರಶ್ನೆಗಳು. ‘ಈ ಹುದ್ದೆಯಲ್ಲಿ ಮೊದಲ ದಿನ ಏನನ್ನು ನೋಡಲು ಬಯಸುವಿರಿ?’ ಎಂದು ಕೇಳಿದಾಗ, ತನ್ನ ಮೇಜನ್ನಲ್ಲ, ಜನರೇಟರ್ ಕೋಣೆಯನ್ನೂ ತುರ್ತು ನಿರ್ಗಮನದ ಬಾಗಿಲನ್ನೂ ನೋಡಬೇಕೆನ್ನುವವನು ಕೆಲಸದ ಸ್ವರೂಪವನ್ನು ಅರಿತವನು.

ಉಳಿದ ಶಾಸ್ತ್ರಜ್ಞಾನವನ್ನು ಎರಡು ಸಂಜೆಗಳಲ್ಲಿ ಓದಿಕೊಳ್ಳಬಹುದು. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳಂತೆ ರಕ್ತಸಿಕ್ತ ಹತ್ತಿ, ಅಂಗಾಂಶಗಳು ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ನಳಿಕೆಗಳು ಹಾಗೂ ಕೈಗವಸುಗಳು ಕೆಂಪು ಚೀಲಕ್ಕೆ, ಸೂಜಿಗಳು ಬಿಳಿಯ ಗಟ್ಟಿ ಡಬ್ಬಿಗೆ, ಗಾಜು ನೀಲಿಗೆ. ರೋಗಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ನೀಡಿದೆ. ಆದಕಾರಣ ಕೊಟ್ಟ ಅಂದಾಜು, ಪಡೆದ ಸಮ್ಮತಿಪತ್ರ, ಬರೆದ ದಾಖಲೆ ಎಲ್ಲವೂ ನಾಳೆ ನ್ಯಾಯಾಲಯದ ಮುಂದೆ ಬರಬಹುದು. ಔಷಧ ಖರೀದಿಯ ಬಗ್ಗೆ ಮಾತು ಬಂದರೆ 1990ರ ದಶಕದ ನಡುವೆ ಕಾರ್ಯಾರಂಭ ಮಾಡಿದ ತಮಿಳುನಾಡು ವೈದ್ಯಕೀಯ ಸೇವಾ ನಿಗಮದ ಹೆಸರು ನಾಲಿಗೆಯಲ್ಲಿರಲಿ. ಇಡೀ ರಾಜ್ಯಕ್ಕೆ ಒಟ್ಟಾಗಿ ಕೊಂಡು, ಜಿಲ್ಲಾ ಉಗ್ರಾಣಗಳ ಮೂಲಕ ಹಂಚಿ, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ಕಿನಲ್ಲಿ ಲೆಕ್ಕವಿಡುವ ಅದರ ಪದ್ಧತಿಯನ್ನು ಇತರ ರಾಜ್ಯಗಳು ನೋಡಿ ಕಲಿತವು.

ರೋಗಿಯ ಗೋಪ್ಯದ ಬಗ್ಗೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಕನ್ನಡ ಸಂಘದ ಸಮಾರಂಭಗಳಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ‘ನಿಮ್ಮ ಆಸ್ಪತ್ರೆಯಲ್ಲೇ ಅಂತೆ ನಮ್ಮ ಭಾವನವರು ಇರೋದು, ಏನಂತೆ ಕಾಯಿಲೆ?’ ಎಂದು ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳುತ್ತಾರೆ. ಹೇಳದಿದ್ದರೆ ಗರ್ವವೆನ್ನುತ್ತಾರೆ, ಹೇಳಿದರೆ ವೃತ್ತಿಗೆ ದ್ರೋಹ. ‘ಅವರನ್ನೇ ವಿಚಾರಿಸಿ ಅಂಕಲ್, ನೀವು ಕೇಳಿದಿರಿ ಅಂದರೆ ಸಂತೋಷಪಡ್ತಾರೆ’ ಎಂದು ನಗುತ್ತ ಜಾರಿಕೊಳ್ಳುವ ಕಲೆಯನ್ನು ಮುಂಚೆಯೇ ರೂಢಿಸಿಕೊಳ್ಳಬೇಕು. ಪರಿಚಿತರೊಬ್ಬರ ವರದಿಯನ್ನು ಗಣಕದಲ್ಲಿ ಇಣುಕಿ ನೋಡುವಿರಾ ಎಂಬ ಪ್ರಶ್ನೆ ಸಂದರ್ಶನದಲ್ಲಿ ಬಂದರೂ ಬರಬಹುದು.

ಹೊರನಾಡ ಕನ್ನಡಿಗರ ಮಕ್ಕಳು ತಮ್ಮಲ್ಲಿರುವ ಒಂದು ಸಂಪತ್ತನ್ನು ಅರ್ಜಿಯಲ್ಲಿ ಬರೆಯುವುದನ್ನೇ ಮರೆಯುತ್ತಾರೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ನೆರೆಯವರಿಂದ ತೆಲುಗು, ಸಿನಿಮಾದಿಂದ ಹಿಂದಿ. ‘ಭಾಷೆಗಳು’ ಎಂಬ ಅಂಕಣದಲ್ಲಿ ಮಾತ್ರ ‘ಇಂಗ್ಲಿಷ್, ತಮಿಳು’ ಎಂದಷ್ಟೇ ಇರುತ್ತದೆ. ಚೆನ್ನೈಯ ದೊಡ್ಡ ಆಸ್ಪತ್ರೆಗಳಿಗೆ ನೆಲ್ಲೂರು, ಚಿತ್ತೂರುಗಳಿಂದ ತೆಲುಗರೂ, ಬಂಗಾಳ ಹಾಗೂ ಈಶಾನ್ಯ ರಾಜ್ಯಗಳಿಂದ ಸಾವಿರಾರು ಮಂದಿಯೂ ಬರುತ್ತಾರೆ. ಗ್ರೀಮ್ಸ್ ರಸ್ತೆಯ ಆಸುಪಾಸಿನಲ್ಲಿ ಬಂಗಾಳಿ ಅಕ್ಷರಗಳ ಫಲಕಗಳನ್ನೇ ಕಾಣಬಹುದು. ಹೊಸೂರಿನ ಕಡೆಯಿಂದ, ತಾಳವಾಡಿಯಿಂದ ಬರುವ ಕನ್ನಡದ ರೋಗಿಗಳೂ ಇದ್ದಾರೆ. ತನ್ನ ನೋವು ಎಲ್ಲಿ ಆರಂಭವಾಗಿ ಎಲ್ಲಿಗೆ ಹರಿಯುತ್ತದೆಂಬುದನ್ನು ಮುದುಕನೊಬ್ಬ ತನ್ನ ನುಡಿಯಲ್ಲಿ ಹೇಳಿಕೊಳ್ಳಬಲ್ಲನಾದರೆ ವೈದ್ಯನ ಅರ್ಧ ಕೆಲಸ ಹಗುರ. ತಮಿಳು ಮಾತಾಡಬಲ್ಲ, ಆದರೆ ಓದಲಾರದ ಕನ್ನಡ ತರುಣರೂ ಹಲವರಿದ್ದಾರೆ. ಅವರು ಸಂದರ್ಶನಕ್ಕೆ ಮೊದಲು ತಮಿಳು ಅಕ್ಷರ ಕಲಿಯಲಿ. ಸಮ್ಮತಿಪತ್ರವನ್ನು ರೋಗಿಗೆ ಓದಿ ಹೇಳಲಾರದವನು ಈ ಊರಿನ ಆಸ್ಪತ್ರೆಯಲ್ಲಿ ಆಡಳಿತ ನಡೆಸುವುದು ಹೇಗೆ?

ಹೋಟೆಲಿನವರ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಅಡುಗೆಮನೆಯ ಸಣ್ಣ ಕೆಲಸದಿಂದ ಮೇಲೆದ್ದು ಈ ನಗರದಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರಂಥವರ ಪರಂಪರೆ ಅವರದು. ಬೆಳಿಗ್ಗೆ ಆರಕ್ಕೆ ಬಂದವನಿಗೂ ಹತ್ತಕ್ಕೆ ಬಂದವನಿಗೂ ಒಂದೇ ರುಚಿಯ ಸಾಂಬಾರು ಸಿಗಬೇಕೆಂದರೆ ಹಿಂದೆ ಎಷ್ಟು ಶಿಸ್ತು ಬೇಕೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಧುರೆಯಲ್ಲಿ 1976ರಲ್ಲಿ 11 ಹಾಸಿಗೆಗಳಿಂದ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದ ಡಾ. ಜಿ. ವೆಂಕಟಸ್ವಾಮಿಯವರು ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ತಿಂಡಿ ಅಂಗಡಿಗಳ ಏಕರೂಪದ ಶಿಸ್ತನ್ನು ಕಂಡು, ಅದನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಳವಡಿಸಿಕೊಳ್ಳಲು ಬಯಸಿದರೆಂಬುದು ಪ್ರಸಿದ್ಧ ಸಂಗತಿ. ಅವರಿಗೆ ಮೊದಲೇ ಉತ್ತರ ಕರ್ನಾಟಕದ ಡಾ. ಎಂ. ಸಿ. ಮೋದಿ ಊರೂರಿನಲ್ಲಿ ಶಿಬಿರ ಹೂಡಿ, ಒಂದೇ ದಿನ 833 ಕಣ್ಣಿನ ಪೊರೆ ತೆಗೆದ ದಾಖಲೆ ಮಾಡಿದ್ದರು. ಇಷ್ಟು ಮಂದಿಯನ್ನು ಸಾಲಾಗಿ ಸಿದ್ಧಪಡಿಸಿ, ಮಲಗಿಸಿ, ಪಟ್ಟಿ ಕಟ್ಟಿ, ಊಟ ಹಾಕಿ ಕಳುಹಿಸಿದ ಅನಾಮಿಕ ಸಹಾಯಕರ ಪಡೆ ಮಾಡಿದ್ದು ಆಸ್ಪತ್ರೆಯ ಆಡಳಿತವಲ್ಲದೆ ಮತ್ತೇನು? ತಂದೆಯ ಹೋಟೆಲಿನ ಕ್ಯಾಷಿನಲ್ಲಿ ಕುಳಿತ ಅನುಭವವನ್ನು ಸಂದರ್ಶನದಲ್ಲಿ ಮುಚ್ಚಿಡುವ ಸಂಕೋಚ ಬೇಡ. ಭಾನುವಾರದ ಜನಸಂದಣಿಯನ್ನು ನಿಭಾಯಿಸಿದ ರೀತಿಯನ್ನು ಹೇಳಿದರೆ ಮಂಡಲಿ ಪುಸ್ತಕದ ಉತ್ತರಕ್ಕಿಂತ ಹೆಚ್ಚು ಆಸಕ್ತಿಯಿಂದ ಕೇಳುತ್ತದೆ.

ಸಂದರ್ಶನದ ದಿನದ ಮಾತು ಹೆಚ್ಚಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದರಿಂದ ನೆನಪು ಕೆಡುವುದೇ ಹೊರತು ಬೆಳೆಯುವುದಿಲ್ಲ. ಬರಿಯ ಕಾಫಿ ಕುಡಿದು ಹೊರಟರೆ ಎದೆ ಹೊಡೆದುಕೊಳ್ಳುತ್ತದೆ. ಎರಡು ಇಡ್ಲಿ ತಿಂದು ಹೊರಡುವುದು ಮೇಲು. ಚೆನ್ನೈಯ ಬಿಸಿಲಿನಲ್ಲಿ ಟೈ ಬಿಗಿದು ಬಸ್ಸಿನಲ್ಲಿ ಬೆವೆತು ಬರುವುದಕ್ಕಿಂತ ಅರ್ಧ ಗಂಟೆ ಮುಂಚೆ ತಲುಪಿ ಮುಖ ತೊಳೆದು ಕುಳಿತಿರುವುದು ಲೇಸು.

ಕೆಲವು ಮಂಡಲಿಗಳಲ್ಲಿ ಸಣ್ಣ ಅಭಿನಯವನ್ನೂ ಮಾಡಿಸುವುದುಂಟು. ಸಂದರ್ಶಕರೊಬ್ಬರು ರೋಗಿಯ ಮಗಳಾಗಿ, ‘ಎರಡು ಲಕ್ಷ ಆಗತ್ತೆ ಅಂದಿರಿ, ಈಗ ಮೂರೂವರೆ ಅಂತೀರಲ್ಲ, ಎಲ್ಲಿಂದ ತರಲಿ?’ ಎಂದು ತಮಿಳಿನಲ್ಲಿ ಕೂಗಾಡುತ್ತಾರೆ. ಆಗ ನಿಯಮಾವಳಿಯನ್ನು ಒಪ್ಪಿಸುವವರು ಸೋಲುತ್ತಾರೆ. ತಾನಾಗಿಯೇ ಲಕ್ಷ ರೂಪಾಯಿ ಬಿಟ್ಟುಕೊಡುತ್ತೇನೆನ್ನುವವರೂ ಸೋಲುತ್ತಾರೆ. ‘ಉಕ್ಕಾರುಂಗ ಅಮ್ಮಾ’ ಎಂದು ಮೊದಲು ಕೂರಿಸಿ, ಬಿಲ್ಲನ್ನು ಅವಳ ಮುಂದೆ ಬಿಡಿಸಿಟ್ಟು, ಯಾವ ದಿನ ಯಾವ ಕಾರಣಕ್ಕೆ ವೆಚ್ಚ ಏರಿತೆಂಬುದನ್ನು ತೋರಿಸಿ, ಆ ದಿನವೇ ಅವಳಿಗೆ ತಿಳಿಸಿದ್ದರೋ ಇಲ್ಲವೋ ಎಂದು ವಿಚಾರಿಸಬೇಕು. ತಿಳಿಸಿರದಿದ್ದರೆ ಅದು ಆಸ್ಪತ್ರೆಯ ತಪ್ಪು ಎಂದು ಒಪ್ಪಿಕೊಂಡು, ಮುಖ್ಯಮಂತ್ರಿ ವಿಮಾ ಯೋಜನೆ, ಧರ್ಮನಿಧಿ, ಕಂತು, ಯಾವುದು ಅವಳಿಗೆ ಸಲ್ಲುತ್ತದೆಂಬುದನ್ನು ಹುಡುಕಲು ಇಂತಿಷ್ಟು ಹೊತ್ತು ಕೇಳಬೇಕು. ಆ ಹೊತ್ತಿಗೆ ಸರಿಯಾಗಿ ಅವಳ ಬಳಿಗೆ ಮರಳಿ ಹೋಗುವುದಾಗಿಯೂ ಹೇಳಬೇಕು.

ಕೊನೆಯಲ್ಲಿ ಮಂಡಲಿಯವರು, ‘ನೀವೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ಬಹಳಷ್ಟು ಮಂದಿ ಇಲ್ಲವೆಂದು ತಲೆಯಾಡಿಸಿ ಏಳುತ್ತಾರೆ, ಕೆಲವರು ಸಂಬಳವನ್ನು ಕೇಳುತ್ತಾರೆ. ಸಂಬಳವನ್ನು ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ಮೊದಲು, ರಾತ್ರಿ ಪಾಳಿಯಲ್ಲಿ ಮುಂಗಡವಿಲ್ಲದೆ ರೋಗಿಯನ್ನು ದಾಖಲು ಮಾಡುವ ಅಧಿಕಾರ ಈ ಹುದ್ದೆಯವರಿಗೆ ಇದೆಯೇ, ಇಲ್ಲದಿದ್ದರೆ ಆ ಹೊತ್ತಿನಲ್ಲಿ ಯಾರಿಗೆ ಫೋನು ಮಾಡಬೇಕು ಎಂದು ಕೇಳಿ ತಿಳಿದುಕೊಳ್ಳಬೇಕು. ಕೆಲಸ ಸಿಕ್ಕಿದ ಮೊದಲ ವಾರದಲ್ಲಿಯೇ ಆ ಉತ್ತರ ಬೇಕಾಗಬಹುದು.